ಐದು ಕೋಟೆಗೊಂದು ಲ್ಯಾಪ್‌ಟಾಪು

ನಮ್ಮ ಮಾವಶಿಗೆ ಲ್ಯಾಪ್‌ಟಾಪಿನ ಬಗ್ಗೆ ಏನೂ ತಿಳಿಯದು ಎಂದು ನಂಬಿದ್ದವರು ಈ ಭೂಮಿಯ ಮೇಲೆ ಇಬ್ಬರಿದ್ದರು. ಒಬ್ಬ, ಕಾರವಾರದ ಕಂಪ್ಯೂಟರ್ ಅಂಗಡಿಯವನು. ಇನ್ನೊಬ್ಬ, ಕಂಪ್ಯೂಟರಿನಲ್ಲೇ ಡಿಪ್ಲೊಮಾ ಮಾಡಿದ ನಾನು. ಇಬ್ಬರ ನಂಬಿಕೆಯೂ ಒಂದೇ ಮಧ್ಯಾಹ್ನ ಮುಳುಗಿತು.

ಮಾವಶಿ ಎಂದರೆ ನನ್ನ ಅವ್ವನ ತಂಗಿ. ಅಂಕೋಲೆಯ ಮೀನುಪೇಟೆಯಲ್ಲಿ ಬುಟ್ಟಿ ಇಟ್ಟು ಕೂರುವವಳು. ಇಂಥವಳು ಕಂಪ್ಯೂಟರಿನಲ್ಲಿ ಯಾವ ಆಟ ಆಡಬಹುದು ಹೇಳಿ? ಮೀನು ಹಿಡಿಯುವ ಆಟವೇ? ನಾನೂ ಒಮ್ಮೆ ಅದನ್ನೇ ತೋರಿಸಿದ್ದೆ.

"ದಿನಾ ಬೆಳಗಾದ್ರೆ ಮೀನೇ ಕಾಣ್ತೆ. ಆಟದಲ್ಲೂ ಅದೇ ಎಂತಕ್ಕೋ ತಮ್ಮಾ?" ಎಂದಳು.

ಅವಳು ಆಡುವುದು ಯುದ್ಧ. ಕೋಟೆ ಕಟ್ಟುವುದು, ದಂಡು ಕಳಿಸುವುದು, ಎಲ್ಲೋ ಕೂತ ಗಡ್ಡ ಮೂಡದ ಹುಡುಗರ ಕೋಟೆ ಕೆಡವಿ ಎಲೆ ಅಡಿಕೆ ಹಾಕಿಕೊಳ್ಳುವುದು!

ಮೀನುಪೇಟೆಯ ಅವಳ ಸಾಲಿನಲ್ಲಿ ಒಂದು ಪದ್ಧತಿ. ಪಕ್ಕದವಳು ಎದ್ದು ಹೋದರೆ ಅವಳ ಬುಟ್ಟಿಯನ್ನು ಕೂತವಳು ನೋಡಿಕೊಳ್ಳಬೇಕು. ಅವಳ ಬಂಗುಡೆ, ಇವಳ ಬಂಗುಡೆ ಬೆರೆಯಬಾರದು. ಗಿರಾಕಿ ಬಂದರೆ ಮೊದಲು ಇಲ್ಲದವಳ ಬುಟ್ಟಿಯದೇ ಮಾರಬೇಕು. ಆ ಸಾಲಿನ ಐವರು ಗೆಳತಿಯರು ಸೇರಿ ಈ ಆಟ ಶುರು ಮಾಡಿದ್ದರು. ಮೊಮ್ಮಕ್ಕಳು, ಮಂಡಿನೋವು, ಧಾರಾವಾಹಿ ಎಂದು ಮೂವರು ಮಾವಶಿಗೆ "ನಂದೂ ನೋಡ್ಕಳೇ" ಎಂದು ಜಾರಿಕೊಂಡರು. ತನ್ನ ಕೋಟೆಯನ್ನು ಯಾರಿಗೂ ಮುಟ್ಟಲು ಬಿಡದೆ ಆಡುತ್ತಿದ್ದವಳು ಶೇವಂತಿ ಒಬ್ಬಳೇ. ಮಾವಶಿಯ ಬಲಗಡೆಯ ಬುಟ್ಟಿಯವಳು.

ಹೋದ ಮಳೆಗಾಲದ ಕೊನೆಗೆ ಶೇವಂತಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಆಸ್ಪತ್ರೆಗೆ ಒಯ್ಯುವಾಗ ಎಡಗೈಯಲ್ಲಿ ಮಾವಶಿಯ ಸೆರಗು ಹಿಡಿದು ಬಿಡಲೇ ಇಲ್ಲವಂತೆ. "ನಿನ್ನ ಕೋಟೆ ನಾ ನೋಡ್ಕಂತೆ, ನೀ ಹೋಗಿ ಬಾ" ಎಂದ ಮೇಲೆಯೇ ಬಿಟ್ಟಳಂತೆ.

ನೋಡಿಕೊಳ್ಳುವುದು ಸುಲಭವೇ? ಭಾನುವಾರ ನಾಲ್ಕು ಗಂಟೆಗೆ ತಂಡದ ಐದೂ ಕೋಟೆಗಳಿಂದ ಒಟ್ಟಿಗೇ ದಂಡು ಹೊರಡಬೇಕು. ದಂಡು ಕಳಿಸದ ಕೋಟೆ ಬೀಳುತ್ತದೆ, ಮತ್ತೆ ಕಟ್ಟಬೇಕು; ಸತತ ಮೂರು ವಾರ ತಪ್ಪಿದರೆ ತಂಡವೇ ಅಳಿಸಿಹೋಗುತ್ತದೆ, ಶೇವಂತಿಯ ಕೋಟೆಯೂ ಸೇರಿ. ಕೀಲಿಗಳ ಕೆಳಗೆ ಕೆಂಪು ದೀಪ ಉರಿಯುತ್ತದೆ ಎಂಬ ಒಂದೇ ಗುಣ ನೋಡಿ ನಾನು ಕೊಂಡಿದ್ದ ಲ್ಯಾಪ್‌ಟಾಪಿನಲ್ಲಿ ಐದು ಕಿಟಕಿ ತೆರೆದೆವು. ನಾಲ್ಕರ ತನಕ ಏದುಸಿರು, ಐದನೆಯದಕ್ಕೆ ಕಪ್ಪು ಪರದೆ, ದೀಪ ಮಾತ್ರ ಚೆನ್ನಾಗಿ ಉರಿಯುತ್ತಿತ್ತು. ಎರಡು ಭಾನುವಾರ ಹೀಗೇ ಹೋದವು. ಇನ್ನೊಂದೇ ಉಳಿದಿತ್ತು. ಮಾವಶಿ ಶನಿವಾರ ಬುಟ್ಟಿ ಬೇಗ ಖಾಲಿ ಮಾಡಿ ನನ್ನನ್ನು ಎಳೆದುಕೊಂಡು ಕಾರವಾರದ ಬಸ್ಸು ಹತ್ತಿದಳು.

ಅಂಗಡಿಯವನನ್ನು ನಾನು ಈಗಲೂ ಚೆನ್ನಾಗಿ ಅಣಕಿಸುತ್ತೇನೆ. ಅವನ ಪ್ರತಿ ವಾಕ್ಯಕ್ಕೂ ಎರಡೂ ತುದಿಗೆ ಒಂದೊಂದು ಮೇಡಂ.

"ಮೇಡಂ, ಇದು ಎಷ್ಟು ಸ್ಲಿಮ್ ನೋಡಿ ಮೇಡಂ."

ಬೆಳ್ಳಿ ಬಣ್ಣದ ತೆಳ್ಳನೆಯದು. ನಾನೂ ಬಲ್ಲವನಂತೆ ತಲೆದೂಗಿದೆ. ಮಾವಶಿ ಅದನ್ನು ಮಗುಚಿ ಹೊಟ್ಟೆಗೆ ಅಂಗೈ ಒತ್ತಿದಳು.

"ಕಿವಿರು ತೋರ್ಸು."

"ಮೇಡಂ, ಲ್ಯಾಪ್‌ಟಾಪಿಗೆ ಕಿವಿರು ಇರೋದಿಲ್ಲ ಮೇಡಂ."

"ಮತ್ತೆ ಉಸಿರು ಎಲ್ಲಿಂದ ಬಿಡ್ತದೆ?"

ಅವನು ಗಾಳಿ ಹೊರಬೀಳುವ ಸೀಳುಗಳನ್ನು ತೋರಿಸಿದ. ಮಾವಶಿ ಅಲ್ಲಿ ಬೆರಳಿಟ್ಟಳು. ಆಮೇಲೆ ನನ್ನಿಂದ ಅದರಲ್ಲಿ ಐದೂ ಕೋಟೆ ತೆರೆಸಿ, "ಅನ್ನ ಬೇಯೂ ಹೊತ್ತು ಹಂಗೇ ಇರ್ಲಿ" ಎಂದು ಸ್ಟೂಲಿನ ಮೇಲೆ ಕೂತುಬಿಟ್ಟಳು. ಅಕ್ಕಿ ನೆನೆಯುವ ಮೊದಲೇ ಬೆಳ್ಳಿ ಸುಂದರಿ ಬೆವರಿ ನಿಂತಿತು.

"ಇದು ನಿನ್ನೆ ಮೀನು," ಎಂದು ಪಕ್ಕಕ್ಕೆ ಸರಿಸಿದಳು.

ಮುಂದಿನದು ಕೆಂಪು ದೀಪದ್ದು, ನನ್ನದರ ಅಣ್ಣ. ಐದೂ ಕಿಟಕಿ ತೆರೆಯಿತು, ಆದರೆ ಟ್ರಾಲರ್ ದಡಕ್ಕೆ ಬಂದ ಹಾಗೆ ಗುಡುಗಿತು.

"ಮೇಡಂ, ಗ್ರಾಫಿಕ್ಸ್ ಕಾರ್ಡ್ ಇದೆ, ಕೋಟೆಯ ಒಂದೊಂದು ಕಲ್ಲೂ ಕಾಣ್ತದೆ ಮೇಡಂ."

"ಕಲ್ಲು ಕಾಣೂದು ಬೇಡ ತಮ್ಮಾ. ಕೋಟೆ ನಿಲ್ಲೂದು ಬೇಕು."

ನಾನು ಬಾಯಿ ಹಾಕಿದೆ. "ಮಾವಶಿ, ಪ್ರೊಸೆಸರ್ ನೋಡು. ಎಂಟು ಕೋರ್."

"ನೀನೇ ಬಸ್ಸಲ್ಲಿ ಹೇಳ್ದೆ ಅಲ್ಲನೋ? ನಂಗೆ ತಿಳಿದಂಗೆ ಕೋರ್ ಅಂದ್ರೆ ಕೈ. ರ‍್ಯಾಮ್ ಅಂದ್ರೆ ಬುಟ್ಟಿ ಇಡೂ ಕಟ್ಟೆ. ಕೈ ಎಂಟಿದ್ರೂ ಕಟ್ಟೆ ಸಣ್ಣದಾದ್ರೆ ಐದು ಬುಟ್ಟಿ ಎಲ್ಲಿ ಇಡೂದು, ನಿನ್ನ ತಲೆ ಮೇಲನೋ?"

ಮೂರು ವರ್ಷದ ಡಿಪ್ಲೊಮಾ ಅಲ್ಲೇ ಕರಗಿ ನನ್ನ ಚಪ್ಪಲಿಗೆ ಇಳಿಯಿತು. ಹೀಗೆ ಯಾವ ಮೇಷ್ಟ್ರಾದರೂ ಹೇಳಿದ್ದರೆ ನಾನು ಎರಡು ವಿಷಯಗಳಲ್ಲಿ ಫೇಲಾಗುತ್ತಿದ್ದೆನೇ?

ಅವಳ ಕಣ್ಣು ಮೂಲೆಯಲ್ಲಿ ಯಾರೂ ಕೇಳದೆ ಬಿದ್ದಿದ್ದ ದಪ್ಪನೆಯ ಕರಿ ಲ್ಯಾಪ್‌ಟಾಪಿನ ಮೇಲೆ ಬಿತ್ತು. ಅಗಲವಾದ ಸೀಳುಗಳು, ತಣ್ಣನೆಯ ಹೊಟ್ಟೆ. ಹಿಂದಿನ ಮುಚ್ಚಳ ಬಿಚ್ಚಿಸಿ ಇಣುಕಿದಳು. ಎಂಟು ಜಿಬಿ ರ‍್ಯಾಮ್ ಒಂದು ಗೂಡಿನಲ್ಲಿ, ಪಕ್ಕದ ಗೂಡು ಖಾಲಿ.

"ಮೇಡಂ, ಬ್ಯಾಗು ಫ್ರೀ ಮೇಡಂ."

"ಬ್ಯಾಗು ನೀನೇ ಇಟ್ಕ. ಈ ಗೂಡಿಗೂ ಇನ್ನೊಂದು ಎಂಟು ಹಾಕು, ನನ್ನ ಕಣ್ಣೆದುರೇ."

ಹಾಕಿದ. ಐದೂ ಕೋಟೆ ತೆರೆದೆವು. ಅನ್ನ ಬೆಂದು, ಬಸಿದು, ತಣ್ಣಗಾಗುವಷ್ಟು ಹೊತ್ತಾದರೂ ಯಂತ್ರ ಉಸ್ಸೆನ್ನಲಿಲ್ಲ. ಅಂಗಡಿಯವನು ಮೇಡಂ ಎನ್ನುವುದನ್ನೂ ಮರೆತು ನೋಡುತ್ತಿದ್ದ.

ಮರುದಿನ ನಾಲ್ಕು ಗಂಟೆಗೆ ಮಾವಶಿಯನ್ನು ನೀವು ನೋಡಬೇಕಿತ್ತು. ಐದು ಕಿಟಕಿ, ಎರಡು ಕೈ, ಬಾಯಲ್ಲಿ ಎಲೆ ಅಡಿಕೆ. ಮೊದಲು ಹೊರಟದ್ದು ಶೇವಂತಿಯ ದಂಡು. ಒಂದರ ಸೈನಿಕ ಇನ್ನೊಂದಕ್ಕೆ ಬೆರೆಯಲಿಲ್ಲ. ನಾನು ಸಹಾಯಕ್ಕೆಂದು ಕೂತವನು ಬಾಯಿ ತೆರೆದುಕೊಂಡೇ ಇದ್ದೆ. ಐದೂ ಕೋಟೆ ಉಳಿದವು. ಆಮೇಲಿನ ಎಂಟು ಭಾನುವಾರವೂ ಉಳಿದವು.

ಒಂಬತ್ತನೆಯ ಭಾನುವಾರದ ಹೊತ್ತಿಗೆ ಶೇವಂತಿ ಮನೆಗೆ ಬಂದಿದ್ದಳು. ಬಲಗೈ ಮಡಿಲಲ್ಲಿ ಬಿದ್ದಿತ್ತು. ಯಾರು ಮಾತಾಡಿಸಿದರೂ ಗೋಡೆ ನೋಡುತ್ತಿದ್ದಳು. ಮಾವಶಿ ಅವಳ ಜಗಲಿಯಲ್ಲಿ ಲ್ಯಾಪ್‌ಟಾಪು ತೆರೆದು ಅವಳ ಎಡಗೈಯನ್ನು ಎತ್ತಿ ಟಚ್‌ಪ್ಯಾಡಿನ ಮೇಲಿಟ್ಟಳು. ನಾಲ್ಕು ಗಂಟೆಯಾಯಿತು. ಶೇವಂತಿಯ ಬೆರಳು ತೆವಳಿತು. ಐದು ಕಿಟಕಿಗಳ ನಡುವೆ ಬಾಣದ ಗುರುತು ದಾರಿ ತಪ್ಪಿ ಅಲೆಯಿತು. ನಾನು ಕೈ ಚಾಚಿದೆ. ಮಾವಶಿ ಅದಕ್ಕೊಂದು ಬಾರಿಸಿದಳು. ಆಮೇಲೆ ತಾನೇ ಒಂದೊಂದಾಗಿ ನಾಲ್ಕು ಕಿಟಕಿ ಮುಚ್ಚಿದಳು, ತನ್ನದನ್ನೂ.

"ಮಾವಶಿ, ನಿನ್ನ ಕೋಟೆ ಬೀಳ್ತದೆ," ಎಂದೆ.

"ಬೀಳ್ಲಿ. ಕಟ್ಟೂಕೆ ಬರ್ತದೆ ನಂಗೆ."

ಪರದೆಯ ತುಂಬ ಶೇವಂತಿಯ ಕೋಟೆಯೊಂದೇ. ಗಿರಾಕಿ ಮೀನು ಆರಿಸಲು ತಡಮಾಡಿದರೆ ಬೈದು ಕಳಿಸುವ ಮಾವಶಿ ಆ ಬೆರಳನ್ನೇ ನೋಡುತ್ತ, ಬಾಗಿ ಬಾಗಿ ಪರದೆಗೆ ತಲೆ ತಾಗುವಷ್ಟು ಹತ್ತಿರ ಹೋಗಿದ್ದಳು.

ಶೇವಂತಿಯ ಗಂಟಲಲ್ಲಿ ಏನೋ ಗೊರಗುಟ್ಟಿತು. ಹತ್ತಿರ ಹತ್ತಿರ ಮೂರು ತಿಂಗಳಿಗೆ ಬಂದ ಮೊದಲ ಮಾತು, ಸೊಟ್ಟ ಬಾಯಿಯಿಂದ, ಒಂದೊಂದೇ ಅಕ್ಷರವಾಗಿ ಹೊರಬಿತ್ತು.

"ಸರಿಯೇ ಆಚೆ. ಕಾಣೂದಿಲ್ಲ."

ಮಾವಶಿ ಸರಿದು ಕೂತಳು.