ಗಾಳಿಗೆ ಕಣಗಳ ಸಾಮೂಹಿಕ ವರ್ತನೆ

ಎಂಥವರಿಗೂ ಅರ್ಥವಾಗುವಂತೆ ಪಾಠ ಹೇಳುತ್ತೇನೆ ಎಂಬ ಹೆಮ್ಮೆ ನನಗಿತ್ತು. ತೊಂಬತ್ತರ ದಶಕದಲ್ಲಿ ಉಮ್ಮತ್ತೂರಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದಾಗಿನ ಮಾತಿದು. ಆ ಹೆಮ್ಮೆ ಒಂದು ಭಾನುವಾರದವರೆಗೆ ಬಾಳಿತು.

ಸಂತೆಮರಹಳ್ಳಿಯಿಂದ ಅಗಲವಾದ ಜರಡಿ ತಂದು ನಾಲ್ಕು ಇಟ್ಟಿಗೆ ಮೇಲಿಟ್ಟೆ. ಅಡಿಯಲ್ಲಿ ನಮ್ಮ ಟೇಬಲ್ ಫ್ಯಾನನ್ನು ಆಕಾಶ ನೋಡುವಂತೆ ಮಲಗಿಸಿದೆ. ಜರಡಿಯಲ್ಲಿ ಅಣುವಿನಂಥ ಕಣಗಳ ಬದಲಿಗೆ ನಲವತ್ತು ಟೇಬಲ್ ಟೆನಿಸ್ ಚೆಂಡು. ಸ್ವಿಚ್ ಹಾಕಿದರೆ ಸಾಕು, ಅವು ಡಿಕ್ಕಿ ಹೊಡೆದು, ದೂರ ಸರಿದು, ಮತ್ತೆ ಗುಂಪು ಕಟ್ಟಿ ಸುತ್ತುತ್ತಿದ್ದವು. ಊರಿಗೆಲ್ಲ ತೋರಿಸಬೇಕೆನಿಸಿತು.

"ಫ್ಯಾನು ನನ್ನ ತವರಿನವರು ಕೊಟ್ಟಿದ್ದು ಕಣ್ರೀ, ಹುಷಾರು" ಎಂದಳು ಹೆಂಡತಿ ಸರ್ವಮಂಗಳ. ಅವಳ ತವರು ಗುಂಡ್ಲುಪೇಟೆ.

ಪಂಚಾಯಿತಿ ಬೋರ್ಡಿನ ಮೇಲೆ ದುಂಡಗೆ ಬರೆದೆ: "ಭಾನುವಾರ ಮೇಷ್ಟ್ರ ಮನೆಯಂಗಳದಲ್ಲಿ ಗಾಳಿಯಂತ್ರದಿಂದ ಕಣಗಳ ಸಾಮೂಹಿಕ ವರ್ತನೆ. ಎಲ್ಲರೂ ಬನ್ನಿ. ಉಚಿತ."

ಆಗ ಹುರುಳಿ ಒಕ್ಕಣೆಯ ಕಾಲ. ವಾರದಿಂದ ಗಾಳಿ ಇಲ್ಲದೆ, ಬಡಿದ ಹುರುಳಿ ತೂರಲಾಗದೆ ಹೊಟ್ಟಿನ ಸಮೇತ ರಾಶಿ ಬಿದ್ದಿತ್ತು. ಇದು ನನಗೂ ಗೊತ್ತಿತ್ತು. ಆದರೆ ನನ್ನ ಸಿಲಬಸ್ಸಿನಲ್ಲಿ ಇರಲಿಲ್ಲ!

ಭಾನುವಾರ ಬಾಗಿಲು ತೆಗೆದರೆ ಐದು ಎತ್ತಿನಗಾಡಿ ನಿಂತಿವೆ. ಮೊದಲನೆಯದು ಹಿಂದಿನ ಬೀದಿಯ ಪುಟ್ಟತಾಯಮ್ಮನದು. ಗಂಡ ತೀರಿಕೊಂಡ ಮೇಲೆ ಒಂದೆಕರೆ ಒಬ್ಬಳೇ ಬೇಸಾಯ ಮಾಡುತ್ತಿದ್ದ ಹೆಂಗಸು.

"ನಂದೇ ಮೊದ್ಲು ಮೇಷ್ಟ್ರೇ. ಮಿಷನ್ನು ಎಲ್ಲದೆ?"

"ಯಾವ ಮಿಷನ್ನವ್ವಾ?"

"ನೀವೇ ಬರ್ದಿದ್ದೀರಲ್ಲ! ಸಾಮೂಹಿಕ ಕಣ, ಗಾಳಿಯಂತ್ರ, ಬಿಟ್ಟಿ ಅಂತ!"

"ಇದು ಒಕ್ಕಣೆ ಮಾಡೋ ಕಣ ಅಲ್ಲ ಕಣವ್ವಾ. ಇದು ಸಣ್ಣ ಕಣ."

"ಸಣ್ಣದಾದ್ರೂ ಆಯ್ತದೆ ಬುಡಿ. ನಂದು ಆರೇ ಮೂಟೆ."

"ಕಣ್ಣಿಗೇ ಕಾಣದಷ್ಟು ಸಣ್ಣದು!"

"ಕಾಣ್ದೇ ಇರೋದ್ನ ತೋರ್ಸಕ್ಕೆ ನಮ್ಮನ್ಯಾಕೆ ಕರುದ್ರಿ?" ಎಂದ ಎರಡನೇ ಗಾಡಿಯ ಮಾದಪ್ಪ.

ಉಳಿದವರು ಬಯ್ಯುತ್ತಾ ಗಾಡಿ ತಿರುಗಿಸಿದರು. ಪುಟ್ಟತಾಯಮ್ಮ ಮಾತ್ರ ಕದಲಲಿಲ್ಲ. ಗೋಪಾಲಸ್ವಾಮಿ ಬೆಟ್ಟದ ದಿಕ್ಕಿಗೆ ನೋಡಿ, "ಮೋಡ ಕಟ್ತಾ ಅದೆ. ನೆಂದ್ರೆ ಮೊಳಕೆ ಬಂದ್ಬುಡ್ತದೆ. ನಿಮ್ಮ ಬೋಲ್ಡು ನಂಬ್ಕೊಂಡು ಮುಚ್ಚಿದ್ದ ರಾಸೀನ ಎತ್ಕೊಂಡು ಬಂದೆ. ವರ್ಸಕ್ಕೆಲ್ಲ ನನಗಿರೋದು ಇಷ್ಟೇಯಾ" ಎಂದಳು. ನನಗೆ ನಿಜಕ್ಕೂ ಅಳು ಬಂದಂತಾಯಿತು.

ಸರ್ವಮಂಗಳ ನನ್ನ ಕಡೆ ನೋಡಲೂ ಇಲ್ಲ. ಸೀದಾ ಬಂದು ಜರಡಿ ಎತ್ತಿದಳು. ನಲವತ್ತು ಕಣಗಳೂ ಸಾಮೂಹಿಕವಾಗಿ ಚರಂಡಿಯತ್ತ ವರ್ತಿಸಿದವು! ಫ್ಯಾನನ್ನು ಜಗಲಿ ಮೇಲೆ ನೆಟ್ಟಗೆ ನಿಲ್ಲಿಸಿ, "ಅವ್ವಾ, ಮೊರದಲ್ಲಿ ಸುರೀರಿ" ಎಂದಳು.

ಹೊಟ್ಟು ಹಾರಿತು, ಹುರುಳಿ ಬಿತ್ತು. ಅಷ್ಟೇ! ಸಾಕೆಟ್ಟು ಸಡಿಲವಿದ್ದದ್ದರಿಂದ, ಪ್ಲಗ್ಗು ಬೀಳದಂತೆ ಹಿಡಿದುಕೊಳ್ಳುವ ಜವಾಬ್ದಾರಿಯನ್ನು ಬಿ.ಎಸ್ಸಿ., ಬಿ.ಎಡ್. ಆದ ನನಗೆ ವಹಿಸಲಾಯಿತು. ಹಾರಿದ ಹೊಟ್ಟು ಎದುರು ಗೋಡೆಗೆ ಬಡಿದು ತಿರುಗಿ ನನ್ನ ಬಾಯಿಗೇ ಬರುತ್ತಿತ್ತು. ಆದರೂ ಪ್ಲಗ್ಗು ಬಿಡಲಿಲ್ಲ.

ಐದು ಮೂಟೆ ಮುಗಿಯುವಷ್ಟರಲ್ಲಿ ಫ್ಯಾನು ಹೊಗೆ ಬಿಟ್ಟು ನಿಂತಿತು. ಅದರ ಬೆನ್ನಿಗೇ ಮಳೆ. ಮೂಟೆಗಳನ್ನೆಲ್ಲ ಒಳಗೆಳೆದುಕೊಂಡೆವು. ಆರನೆಯದನ್ನು ಹೆಂಗಸರಿಬ್ಬರೂ ನಮ್ಮ ನಡುಮನೆಯಲ್ಲೇ ಕೂತು ಮೊರದಲ್ಲಿ ಕೇರಿದರು. ಒಂದು ಕಾಳೂ ನೆನೆಯಲಿಲ್ಲ. ಮುಂದಿನ ಬಸ್ಸಿಗೇ ಫ್ಯಾನನ್ನು ಹೊತ್ತು ಚಾಮರಾಜನಗರಕ್ಕೆ ರಿಪೇರಿಗೆ ಹೋದೆ. ಆ ವಾರವಿಡೀ ಮೂರು ಹೊತ್ತೂ ಸರ್ವಮಂಗಳ ನನಗೆ ಬಡಿಸಿದ್ದು ಪುಟ್ಟತಾಯಮ್ಮ ಕೊಟ್ಟ ಹುರುಳಿಯ ಸಾರೊಂದೇ.

ಮರುವರ್ಷ ಒಕ್ಕಣೆ ಹೊತ್ತಿಗೆ ಪುಟ್ಟತಾಯಮ್ಮ ಮತ್ತೆ ಬಂದಳು. ನಾನು ಉತ್ಸಾಹದಿಂದ ಎದ್ದು ನಿಂತೆ.

"ಈ ಸರಿ ಬೋಲ್ಡು ಗೀಲ್ಡು ಬರೀಬ್ಯಾಡಿ ಮೇಷ್ಟ್ರೇ. ಅಮ್ಮಾವ್ರತ್ರ ಫ್ಯಾನು ಕೇಳಿವ್ನಿ, ಕೊಡ್ತಾರೆ."

"ಆಗಲವ್ವಾ, ನಾನೂ ಬರ್ತೀನಿ."

"ನೀವ್ ಯಾಕೆ? ಪ್ಲಗ್ಗಿಗೆ ಕಡ್ಡಿ ಸಿಗ್ಸಿದ್ರಾಯ್ತು ಬುಡಿ!"