ಕೇಪಿನದೋ, ತೋಟೆಯದೋ

ಒಂದೇ ವಸ್ತುವಿದ್ದರೆ ನನಗೆ ತೊಂದರೆಯಿಲ್ಲ, ಸುಮ್ಮನೆ ತೆಗೆದುಕೊಳ್ಳುತ್ತೇನೆ. ಮೂರಿದ್ದರೂ ತೊಂದರೆಯಿಲ್ಲ. ಮೂರು ಕೊಟೇಶನ್ ತರಿಸು, ಕಡಿಮೆ ದರದವನಿಗೆ ಕೊಡು ಎಂಬ ನಿಯಮದ ಮೇಲೆಯೇ ವರ್ಷಾನುಗಟ್ಟಲೆ ಸಂಬಳ ತಿಂದವನು ನಾನು. ನನ್ನ ಪ್ರಾಣ ಹಿಂಡುವುದು ಎರಡು. ಅಂಗಡಿಯವನು ಎರಡು ಜೊತೆ ಚಪ್ಪಲಿ ಮುಂದಿಟ್ಟರೆ ಒಂದೊಂದು ಕಾಲಿಗೆ ಒಂದೊಂದು ಹಾಕಿಕೊಂಡು, ಅವನು ಬಾಗಿಲು ಎಳೆಯುವವರೆಗೂ ಕೂತಿರುವ ಗಿರಾಕಿ ನಾನು. ಮೈಸೂರಿನಲ್ಲಿ ಒಂದೇ ಭಾನುವಾರ ಎರಡು ಹೆಣ್ಣು ನೋಡಿ ಬಂದು, ಇಬ್ಬರ ಗುಣಗಳನ್ನೂ ಎರಡು ಕಾಲಂಗಳಲ್ಲಿ ಬರೆಯುತ್ತಾ ತಿಂಗಳು ಕಳೆದೆ. ಅಷ್ಟರಲ್ಲಿ ಒಬ್ಬಾಕೆಗೆ ಬೇರೆ ಕಡೆ ನಿಶ್ಚಯವಾಗಿ ನನ್ನ ಕಷ್ಟ ಪರಿಹಾರವಾಯಿತು. ಉಳಿದಾಕೆಯೇ ವಿಮಲಾ. ಈ ಸಂಗತಿಯನ್ನು ಮದುವೆಯಾದ ಹೊಸತರಲ್ಲಿ ಅವಳಿಗೆ ಹೇಳಿಬಿಟ್ಟೆ, ಹೇಳಬಾರದಿತ್ತು.

ಇಂಥ ನನಗೆ ಜೀವಮಾನದಲ್ಲೇ ದೊಡ್ಡ ಆಯ್ಕೆಯೊಂದು ಒದಗಿದ್ದು ಕುವೈತಿನಲ್ಲಿ. ಮೀನಾ ಅಲ್ ಅಹ್ಮದಿಯ ರಿಫೈನರಿಗೆ ವಾಲ್ವು, ಗ್ಯಾಸ್ಕೆಟ್ಟು ಒದಗಿಸುವ ಕಂಪನಿಯ ಖರೀದಿ ವಿಭಾಗದಲ್ಲಿದ್ದೆ. ಮನೆ ಬ್ನೇದ್ ಅಲ್ ಗಾರ್‌ನಲ್ಲಿ, ಎರಡನೆಯ ಮಹಡಿ. ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಒಳಗೆ ಬಂತು. ಕಂಪನಿ ಮುಚ್ಚಿತು, ನಮ್ಮ ಪಾಸ್‌ಪೋರ್ಟುಗಳು ಅದರ ಬೀರುವಿನಲ್ಲಿ ಉಳಿದವು, ಬೀಗದ ಕೈ ಇಟ್ಟುಕೊಂಡವನು ರಜೆಗೆಂದು ಊರಿಗೆ ಹೋದವನು ಅಲ್ಲೇ ಉಳಿದ. ಊರಿಗೆ ಹೊರಡಲು ಬದಲಿ ಕಾಗದಪತ್ರಕ್ಕಾಗಿ ಕಾಯುತ್ತಾ ನಾನು, ವಿಮಲಾ, ಒಂಬತ್ತು ವರ್ಷದ ಶ್ರುತಿ ಮನೆಯೊಳಗೇ ಇದ್ದೆವು. ಸಮವಸ್ತ್ರದವರೂ ಇಲ್ಲದವರೂ ಮನೆಗಳಿಗೆ ನುಗ್ಗುತ್ತಿದ್ದ ದಿನಗಳು. ಮೆಟ್ಟಿಲ ಮೇಲೆ ಸದ್ದಾದರೆ ಮೂವರೂ ಉಸಿರು ಬಿಗಿಹಿಡಿಯುತ್ತಿದ್ದೆವು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಕೆಳಗಿನ ಮನೆಯ ಅಬು ಹಮೂದ್ ಬಂದರು. ಅವರೇ ನಮ್ಮ ಮನೆಯೊಡೆಯರು. ಯೌವನದಲ್ಲಿ ಮುಂಬಯಿಯಲ್ಲಿ ಮುತ್ತಿನ ವ್ಯಾಪಾರ ಮಾಡಿದವರಾದ್ದರಿಂದ ಅಲ್ಲಿನ ಬಜಾರಿನ ಹಿಂದಿ ಬರುತ್ತಿತ್ತು. ಕೈಯಲ್ಲಿ ಖರ್ಜೂರದ ಡಬ್ಬ. ಮುಚ್ಚಳ ತೆಗೆದರೆ ಒಳಗೆ ಎರಡು ರಿವಾಲ್ವರು! ಹಳೆಯ ಸಾಮಾನು ಕೂಡಿಡುವುದು ಅವರ ಮನೆತನದ ಹುಚ್ಚು.

"ಬೀವಿ, ಬಚ್ಚೀ ಹೈ ತುಮ್ಹಾರಾ. ಏಕ್ ರಖ್ಖೋ. ದೂಸ್ರಾ ಮೈ ಜಮೀನ್ ಮೇ ಗಾಡೇಗಾ. ಕಲ್ ಶಾಮ್ ತಕ್ ಬೋಲೋ," ಎಂದರು. ಒಂದನ್ನು ನಾನಿಟ್ಟುಕೊಳ್ಳಬೇಕು, ಇನ್ನೊಂದನ್ನು ಅವರು ಹಿತ್ತಲಲ್ಲಿ ಹೂಳುತ್ತಾರೆ. ನಾಳೆ ಸಂಜೆಯೊಳಗೆ ಯಾವುದೆಂದು ಹೇಳಬೇಕು. ನೋಡಿ ತೀರ್ಮಾನಿಸಲೆಂದು ಎರಡನ್ನೂ ಬಿಟ್ಟುಹೋದರು.

ಆಯುಧ ಸಿಕ್ಕ ಮನೆಯ ಗಂಡಸನ್ನು ಅದೇ ಮನೆಯ ಬಾಗಿಲಲ್ಲಿ ನಿಲ್ಲಿಸಿ ಗುಂಡಿಕ್ಕುತ್ತಾರೆಂಬುದು ಇಡೀ ಬೀದಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಬುದ್ಧಿಯಿದ್ದವನು ಅವರ ಬೆನ್ನ ಹಿಂದೆಯೇ ಓಡಿಹೋಗಿ ಡಬ್ಬ ವಾಪಸು ಕೊಡುತ್ತಿದ್ದ. ನನಗೆ ಕಂಡದ್ದು ಮಾತ್ರ ಒಂದೇ: ವಸ್ತು ಎರಡಿವೆ!

ಒಂದು ಕೇಪಿನದು. ನಮ್ಮ ಕಡೆ ಕಾಡಂಚಿನವರ ಹತ್ತಿರ ಕೇಪಿನ ಕೋವಿ ಇರುತ್ತದಲ್ಲ, ಅದೇ ತತ್ವ. ತಿರುಗುವ ಉರುಳೆಯ ಆರು ಗೂಡಿಗೂ ಮದ್ದು ಸುರಿದು, ಸೀಸದ ಗುಂಡಿಟ್ಟು, ಕೆಳಗಿನ ಸನ್ನೆಕೋಲಿನಿಂದ ಒತ್ತಿ, ಹಿಂಬದಿಗೆ ಕಿಡಿ ಹತ್ತಿಸುವ ಒಂದೊಂದು ಪುಟ್ಟ ಕೇಪು ಸಿಕ್ಕಿಸಬೇಕು. ಇನ್ನೊಂದು ತೋಟೆಯದು, ಮದ್ದು, ಗುಂಡು, ಕೇಪು ಮೂರೂ ಒಂದೇ ಕೊಳವೆಯಲ್ಲಿ ಸೇರಿರುವಂಥದ್ದು. ಪಕ್ಕದ ಪುಟ್ಟ ಬಾಗಿಲು ತೆರೆದು ಒಂದೊಂದೇ ತೋಟೆ ಇಳಿಸಿದರಾಯಿತು. ಎರಡಕ್ಕೂ ಪ್ರತಿ ಸಲ ಹೆಬ್ಬೆರಳಿನಿಂದ ಕುದುರೆಯೆಂಬ ಹಿಂಬದಿಯ ಕೊಕ್ಕೆ ಎಳೆಯಲೇಬೇಕು. ಎದುರು ಮನೆಯ ಜಗನ್ನಾಥ ಶೆಟ್ಟರು ಉಡುಪಿ ಕಡೆಯವರು, ಹೋಟೆಲು ನಡೆಸುತ್ತಿದ್ದವರು. ಅವರ ಕಿವಿಯಲ್ಲಿ ಮೆಲ್ಲಗೆ ಹೇಳಿ ಸಲಹೆ ಕೇಳಿದೆ.

"ನೀವು ಆ ಕೇಪಿನದ್ದು ತುಂಬಿಸಿ ಮುಗಿಸುವಾಗ ಬಂದವ ಒಂದು ಚಾ ಕುಡಿದು, ಗ್ಲಾಸು ತೊಳೆದಿಟ್ಟು ಹೋಗ್ತಾನೆ ಮಾರಾಯ್ರೆ. ತೋಟೆಯದ್ದೇ ಇಟ್ಕೊಳ್ಳಿ," ಎಂದರು ಶೆಟ್ಟರು.

ಸರಿ, ತೋಟೆಯದೇ ಎಂದುಕೊಂಡು ಮನೆಗೆ ಬಂದೆ. ಬಾಗಿಲು ಹಾಕುವಷ್ಟರಲ್ಲಿ ನನ್ನೊಳಗಿನ ಖರೀದಿ ವಿಭಾಗದವನು ತಲೆಯೆತ್ತಿದ. ಡಬ್ಬದಲ್ಲಿರುವುದು ಹನ್ನೊಂದೇ ತೋಟೆ, ಮುಗಿದರೆ ಸಪ್ಲೈ ಎಲ್ಲಿಂದ? ಕೇಪಿನದಾದರೆ ಮದ್ದಿನ ಬುರುಡೆ ತುಂಬಿದೆ, ಗುಂಡು ಎರಕ ಹೊಯ್ಯುವ ಅಚ್ಚೂ ಜೊತೆಗಿದೆ. ಆದರೆ ಮದ್ದಿಗೆ ತೇವ ತಗಲಿದ್ದರೆ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕೊನೆಗೆ ಒಂದು ಹಾಳೆ ತೆಗೆದು ಗೆರೆ ಹಾಕಿ ತುಲನಾ ಪಟ್ಟಿ ಬರೆಯತೊಡಗಿದೆ. ಗುಟ್ಟಿಗಿರಲೆಂದು ಕನ್ನಡದಲ್ಲಿ, ಅಂಕಿಗಳೂ ಕನ್ನಡದವೇ.

ವಿಮಲಾ ಬಂದು ನಿಂತಳು. "ಯಾರಿಗೆ ಹೊಡೀತೀರಾ?"

"ಸಂದರ್ಭ ಬಂದ್ರೆ ಅಂತ..."

"ಜಿರಲೆ ಹೊಡೀರಿ ಅಂದ್ರೆ ಚಪ್ಪಲೀಲೋ ಪೊರಕೇಲೋ ಅಂತ ಕೇಳೋರು ನೀವು. ಮಗು ಇರೋ ಮನೇಲಿ ಇದೆಲ್ಲ ಬೇಕಾ? ಇವತ್ತೇ ವಾಪಸ್ ಕೊಡಿ."

"ನಾಳೆ ಸಂಜೆವರೆಗೂ ಟೈಮ್ ಇದೆಯಲ್ಲ," ಎಂದೆ. ಅವಳು ಹಣೆ ಚಚ್ಚಿಕೊಂಡು ಎರಡನ್ನೂ ಅಕ್ಕಿ ಡಬ್ಬದಲ್ಲಿ ಹುಗಿದಳು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಲು ದಬದಬ ಬಡಿದರು. ತೆರೆದರೆ ಇಬ್ಬರು ಸೈನಿಕರು. ಹಿರಿಯವನಿಗೆ ನನ್ನದೇ ವಯಸ್ಸು. ಮೀಸೆ ನರೆತಿತ್ತು, ಒಂದು ಬೂಟಿಗೆ ಲಾಡಿಯ ಬದಲು ಸೆಣಬಿನ ದಾರ. ಕಿರಿಯವನು ಸೀದಾ ಒಳಕೋಣೆಗೆ ಹೋಗಿ ಮಂಚ ಎತ್ತಿ ನೋಡತೊಡಗಿದ. ಹಿರಿಯವನು ನನ್ನನ್ನು ಬಾಗಿಲ ಬಳಿಯೇ ನಿಲ್ಲಿಸಿ ಜೇಬು ಮುಟ್ಟಿದ. ಪೆನ್ನು ಬಂತು, ಗುರುತಿನ ಚೀಟಿ ಬಂತು, ಆಮೇಲೆ ನಾಲ್ಕು ಮಡಿಕೆಯ ತುಲನಾ ಪಟ್ಟಿ ಬಂತು. ನನ್ನ ಜೀವ ಬಾಯಿಗೆ ಬಂತು.

"ಶಿನು ಹಾದಾ? ಖರೀತಾ?" ಎಂದ. ಇದೇನು, ನಕ್ಷೆಯೇ ಎಂದು. ಬಂದೂಕು ನನ್ನ ಹೊಟ್ಟೆಯತ್ತ ತಿರುಗಿತು.

"ದುವಾ! ದುವಾ!" ಎಂದಳು ಹಿಂದಿನಿಂದ ವಿಮಲಾ, ಕೈಮುಗಿದು. ಪ್ರಾರ್ಥನೆಯಂತೆ!

ಅವನು ಹಾಳೆಯನ್ನು ಬೆಳಕಿಗೆ ಹಿಡಿದ. ಮನೆ ಮನೆ ಗೆರೆ, ಒಳಗೆ ದುಂಡು ದುಂಡು ಅಕ್ಷರ. ತಾಯಿತದೊಳಗಿನ ಯಂತ್ರವೆಂದರೂ ನಂಬಬಹುದಿತ್ತು. ಅವನು ಅರ್ಧ ನಂಬಿದ. ಉಳಿದರ್ಧಕ್ಕಾಗಿ ಹಾಳೆಯನ್ನು ನನ್ನ ಕೈಗಿಟ್ಟು, "ಇಗ್ರಾ," ಎಂದ. ಓದು.

ಉಪನಯನದಲ್ಲಿ ಕಲಿತ ಧಾಟಿಯನ್ನು ನೆನೆದು, ಕಣ್ಣು ಅರೆಮುಚ್ಚಿ ಶುರುಮಾಡಿದೆ. "ಒಂದೂ... ತುಂಬುವ ಸಮಯಾ... ಕೇಪಿನದು ಆರು ನಿಮಿಷಾ... ತೋಟೆಯದು ಅರ್ಧ ನಿಮಿಷಾ..." ಒಳಕೋಣೆಯ ಸೈನಿಕ ಹೊರಬಂದು ಅಡುಗೆಮನೆಯ ಕಡೆ ಹೊರಟ. "ಎರಡೂ... ಬಿಡಿಭಾಗದ ಲಭ್ಯತೇ..." ಶ್ರುತಿ ನನ್ನ ಮುಖ ನೋಡಿದಳು. ಅವಳು ಉತ್ತರ ಕೊಡುವುದು ಇಂಗ್ಲಿಷಿನಲ್ಲಾದರೂ ಕನ್ನಡ ಪೂರ್ತಿ ಅರ್ಥವಾಗುತ್ತದೆ. "ಬಟ್ ಅಪ್ಪಾ, ದಟ್ಸ್ ನಾಟ್ ಅ..." ಎನ್ನುವಷ್ಟರಲ್ಲಿ ವಿಮಲಾ ಅವಳ ಬಾಯಿಯನ್ನು ಸೆರಗಿನಿಂದ ಒತ್ತಿ ಹಿಡಿದು, ತಾನೇ ಗಟ್ಟಿಯಾಗಿ "ಲಭ್ಯತೇ..." ಎಂದು ದನಿಗೂಡಿಸಿದಳು. ಅಡುಗೆಮನೆಯಲ್ಲಿ ಡಬ್ಬಗಳ ಮುಚ್ಚಳ ತೆರೆಯುವ ಸದ್ದು. ಉದ್ದಿನಬೇಳೆ, ರವೆ, ಅದರ ಪಕ್ಕದ್ದೇ ಅಕ್ಕಿ. "ಮೂರೂ... ತೇವದ ಭಯಾ..."

ಇನ್ನೊಂದೇ ಸಾಲು ಉಳಿದಿತ್ತು. ಕಚೇರಿಯ ಅಭ್ಯಾಸಬಲದಿಂದ ಬರೆದ ಸಾಲು. ಕಣ್ಣು ಅದರ ಮೇಲೆ ಬಿದ್ದಾಗ ತಲೆಯೆತ್ತಿ ಅವನನ್ನು ನೋಡಿದೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

"ನಾಲ್ಕೂ... ಬಾಗಿಲಲ್ಲಿ ನಿಂತವನ ಎದೆಗೆ ಹೊಡೆದರೇ... ಕೇಪಿನದು ತೃಪ್ತಿಕರಾ... ತೋಟೆಯದೂ ತೃಪ್ತಿಕರಾ..."

"ಆಮೀನ್," ಎಂದ ಅವನು. ಅಡುಗೆಮನೆಯ ಕಡೆ ತಿರುಗಿ, "ಖಲಾಸ್, ಯಲ್ಲಾ!" ಎಂದು ಕೂಗಿದ. ಮುಗಿಯಿತು, ನಡಿ ಎಂದು. ಕಿರಿಯವನು ಅಂಗೈಗೆ ಮೆತ್ತಿದ ರವೆ ಕೊಡವುತ್ತಾ ಹೊರಬಂದ.

ಹೊರಡುವ ಮೊದಲು ಹಿರಿಯವನು ಹಾಳೆ ಕೇಳಿದ. ಮನೆಯಲ್ಲಿ ನಾಲ್ವರು ಮಕ್ಕಳಿದ್ದಾರೆಂದು ಬೆರಳೆತ್ತಿ ತೋರಿಸಿದ. ತನಗಾಗಿಯೂ ದುವಾ ಮಾಡಬೇಕೆಂದ. ನಾನು ತಲೆಯಾಡಿಸಿದೆ. ಅವನು ಪಟ್ಟಿಯನ್ನು ಮಡಿಸಿ, ಕಣ್ಣಿಗೊತ್ತಿಕೊಂಡು ಎದೆಯ ಮೇಲಿನ ಜೇಬಿನಲ್ಲಿಟ್ಟು, ಗುಂಡಿ ಹಾಕಿಕೊಂಡು ಮೆಟ್ಟಿಲಿಳಿದು ಹೋದ. ನನಗೆ ನಾಚಿಕೆಯಾಯಿತು. ಬದುಕಿದೆನೆಂಬ ಸಂತೋಷಕ್ಕಿಂತ ಅದೇ ಹೆಚ್ಚಾಗಿತ್ತು.

ವಿಮಲಾ ಎರಡು ರಿವಾಲ್ವರನ್ನೂ ಕೊತ್ತಂಬರಿ ಸೊಪ್ಪಿನಡಿ ಮುಚ್ಚಿ ಕೆಳಗೊಯ್ದು ಕೊಟ್ಟು ಬಂದಳು. "ಯಾವುದು ಬೇಕಂತೆ ಅಂತ ಕೇಳಿದ್ರು. ಎರಡನ್ನೂ ಹೂಳಿ ಅಂದೆ," ಎಂದಳು. ಆಯ್ಕೆಯೆಂದರೆ ಅಷ್ಟೇ ನೋಡಿ, ಅರ್ಧ ನಿಮಿಷದ ಕೆಲಸ. ಇದಾದ ಹತ್ತು ದಿನಕ್ಕೆ ಕಾಗದ ಸಿಕ್ಕಿ ನಾವು ಬಸ್ಸು ಹತ್ತಿದೆವು. ದಾರಿಯ ಪ್ರತಿ ತಪಾಸಣೆಯಲ್ಲೂ ನಾನು ಸೈನಿಕರ ಮುಖ ಬಿಟ್ಟು ಜೇಬು ನೋಡುತ್ತಿದ್ದೆ. ಜನವರಿಯಲ್ಲಿ ಯುದ್ಧ ಶುರುವಾದಾಗ ಮೈಸೂರಿನಲ್ಲಿ ರೇಡಿಯೋ ಮುಂದೆ ಕೂತು, ಆ ನಾಲ್ವರು ಮಕ್ಕಳ ತಂದೆ ಎಲ್ಲಿದ್ದಾನೋ ಎಂದು ಸಂಕಟಪಟ್ಟೆ.

ಕೊಟ್ಟ ಮಾತಿಗೆ ತಪ್ಪಬಾರದಲ್ಲ. ಅಂದಿನಿಂದ ದಿನವೂ ದೇವರ ಮುಂದೆ ನಿಂತು, ಅವನು ಬದುಕಿರಲಪ್ಪಾ ಎಂದು ಕೇಳಲು ಕಣ್ಣು ಮುಚ್ಚುತ್ತೇನೆ. ಆದರೆ ಅವನ ಮುಖ ನೆನಪಾದದ್ದೇ ತಡ, ಆ ಧಾಟಿಯಲ್ಲಿ ನಾಲಗೆಗೆ ಬರುವುದು ನಾಲ್ಕನೆಯ ಸಾಲೊಂದೇ. ಅಡುಗೆಮನೆಯಿಂದ ವಿಮಲಾ, "ಅದೇನ್ರೀ ಅಷ್ಟು ಹೊತ್ತು ಗೊಣಗೋದು?" ಎನ್ನುತ್ತಾಳೆ. ದುವಾ ಎನ್ನುತ್ತೇನೆ.