ಸಣ್ಣ ಗುಂಡಿ, ದೊಡ್ಡ ಗುಂಡಿ

ಸ್ವಿಚ್ಚು ಒತ್ತಿದರೆ ದೀಪ ಏಕೆ ಹತ್ತುತ್ತದೆ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಹತ್ತದಿದ್ದರೆ ಏನು ಮಾಡಬೇಕು ಎಂಬುದು ಪಾಠದಲ್ಲಿ ಇರಲಿಲ್ಲ. ಹಾಗಾಗಿ ನಾನೂ ಕಲಿಯಲಿಲ್ಲ. ಪುಣೆಯ ಕನ್ನಡ ಶಾಲೆಯೊಂದರಿಂದ ವಿಜ್ಞಾನದ ಟೀಚರಾಗಿ ನಿವೃತ್ತಳಾಗುವವರೆಗೂ ಈ ಗುಟ್ಟು ಹೊರಬೀಳದಂತೆ ನೋಡಿಕೊಂಡಿದ್ದೆ. ಮನೆಯಲ್ಲಿ ಫ್ಯೂಸ್ ಹೋದಾಗಲೆಲ್ಲ ನನಗೆ ತಿದ್ದಬೇಕಾದ ಉತ್ತರಪತ್ರಿಕೆಗಳು ನೆನಪಾಗುತ್ತಿದ್ದವು.

ಪುಣೆಯ ವಾಕಡ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಅದರ ಡಬ್ಬಿಯ ಮುಂದೆ ಎರಡು ಗುಂಡಿ. ದೊಡ್ಡದು ಪವರ್: ಒತ್ತಿದರೆ ಚಾಲೂ ಆಗುತ್ತದೆ, ಕೆಲಸ ಮುಗಿದ ಮೇಲೆ ಮತ್ತೆ ಒತ್ತಿದರೆ ‘ಬರೆದದ್ದನ್ನು ಉಳಿಸಲೇ?’ ಎಂದು ಮರ್ಯಾದೆಯಿಂದ ಕೇಳಿ ಮಲಗುತ್ತದೆ. ಸಣ್ಣದು ರೀಸೆಟ್: ಅದಕ್ಕೆ ಈ ಮರ್ಯಾದೆಯೆಲ್ಲ ಇಲ್ಲ, ಉಳಿಸದೆ ಇದ್ದದ್ದನ್ನು ನುಂಗಿ ಮೊದಲಿನಿಂದ ಶುರುಮಾಡುತ್ತದೆ. ನಮ್ಮ ಮನೆಯವರು ಯಾವ ಗುಂಡಿಯನ್ನಾದರೂ ಪಂಪ್ ಸ್ಟೋವಿಗೆ ಗಾಳಿ ಹೊಡೆದ ಹಾಗೆ ಒತ್ತುವವರು. ರೀಸೆಟ್ ಎಂದೋ ಒಳಗೆ ಬಿದ್ದಿತ್ತು. ಈಚೆಗೆ ಪವರ್ ಕೂಡ ಕುಸಿಯಿತು. ಕೆಲವು ದಿನ ನನ್ನ ಸ್ವೆಟರ್ ಹೆಣೆಯುವ ಕಡ್ಡಿಯಿಂದ ತಿವಿದು ಎಬ್ಬಿಸಿದರು. ಆಮೇಲೆ ಅದು ಕಡ್ಡಿಗೂ ಬಗ್ಗಲಿಲ್ಲ.

“ಯಾರನ್ನರ ಕರಸೋಣೇನ್ರಿ?” ಎಂದೆ.

“ಮನ್ಯಾಗ ಸಾಯನ್ಸ್ ಟೀಚರ್ ಇಟ್ಕೊಂಡು ಹೊರಗಿನವ್ರನ್ನ ಕರಸೂದ? ಭಾಳ ಅವಮಾನ ಆಗ್ತದ, ಸುಧಾ.”

ಇವರು ವಿಜಯಪುರದವರು. ಹೊಗಳುತ್ತಿದ್ದಾರೋ ಕಾಲೆಳೆಯುತ್ತಿದ್ದಾರೋ ಎಂಬುದು ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ. ಗೊತ್ತಾಗದಾಗ ಹೊಗಳಿಕೆ ಎಂದುಕೊಳ್ಳುವುದು ನನ್ನ ಪದ್ಧತಿ. ಸ್ವಿಚ್ಚು ತರಲು ಬಸ್ಸು ಹತ್ತಿ ಶಿವಾಜಿನಗರದ ಕಂಪ್ಯೂಟರ್ ಅಂಗಡಿಗೆ ಹೋದೆ.

ಅಂಗಡಿಯಾಕೆ ಇಲಿಬಾಲದಂಥ ತಂತಿಯಿದ್ದ ಎರಡು ಸ್ವಿಚ್ಚು ತೆಗೆದು ಮುಂದಿಟ್ಟಳು. ಇದರಲ್ಲಿ ಪವರ್ ಯಾವುದು, ರೀಸೆಟ್ ಯಾವುದು ಎಂದು ನನ್ನ ಮರಾಠಿಯಲ್ಲಿ ಕೇಳಿದೆ.

“ದೋನ್ಹೀ ಸಾರಖೇಚ, ಮ್ಯಾಡಮ್.” ಎರಡೂ ಒಂದೇ ಅಂತೆ.

ಹಾಗಾದರೆ ಯಾವುದು ಯಾವುದೆಂದು ಕಂಪ್ಯೂಟರಿಗೆ ಹೇಗೆ ತಿಳಿಯುತ್ತದೆ ಎಂದೆ. ಆಕೆ ನನ್ನನ್ನು ಕೊನೆಯ ಬೆಂಚಿನ ಹುಡುಗಿಯನ್ನು ನೋಡುವಂತೆ ನೋಡಿ, ಒಳಗೆ ತಂತಿಯನ್ನು ಎಲ್ಲಿ ಸಿಕ್ಕಿಸುತ್ತೀರೋ ಅದರ ಮೇಲೆ ಎಂದಳು. ಅಷ್ಟು ಸರಳವಾಗಿ ನಾನು ಯಾವ ಮಗುವಿಗೂ ಹೇಳಿರಲಿಲ್ಲ.

ಪ್ಲಗ್ಗು ಕಿತ್ತು, ಎರಡೂ ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡು ಡಬ್ಬಿ ಬಿಚ್ಚಿದೆ. ಇವರು ಟಾರ್ಚು ಹಿಡಿದರು. ನಾನು ಎಡಕ್ಕೆ ನೋಡಿದರೆ ಬೆಳಕು ಬಲಕ್ಕೆ. ಹಳೆಯ ತಂತಿಗಳು ಎಲ್ಲಿದ್ದವೆಂದು ಗುರುತು ಮಾಡಿಕೊಳ್ಳಬೇಕು ಎಂಬ ಜ್ಞಾನ ಎರಡನ್ನೂ ಕಿತ್ತ ಮೇಲೆ ಬಂತು. ಒಳಗಿನ ಅಕ್ಷರಗಳು ಇರುವೆ ಬರೆದಂತಿದ್ದವು. ಅಂದಾಜಿನ ಮೇಲೆ ಸಿಕ್ಕಿಸಿ, ಸ್ವಿಚ್ಚುಗಳನ್ನು ತೂತುಗಳಿಗೆ ಕೂರಿಸಿ, ಟೇಪು ಸುತ್ತಿ, ಮುಚ್ಚಳ ಹಾಕಿ, ಪ್ಲಗ್ಗು ಚುಚ್ಚಿದೆ. ದೊಡ್ಡದನ್ನು ಒತ್ತಿದರೆ ಸದ್ದೇ ಇಲ್ಲ. ಇವರು ಸುಮ್ಮನಿರದೆ ಸಣ್ಣದನ್ನು ಒತ್ತಿದರು. ಗರ್ರ್ ಎಂದು ಫ್ಯಾನು ತಿರುಗಿತು.

“ಶಭಾಶ್! ಆದ್ರ ಇದೇನು, ಸಣ್ಣದ್ರಾಗ ಚಾಲೂ ಆತು?”

“ಈಗೆಲ್ಲ ಹಿಂಗ ಬರ್ತಾವ್ರಿ,” ಎಂದೆ.

ಮತ್ತೆ ಬಿಚ್ಚಿ ಅದಲುಬದಲು ಮಾಡಬಹುದಿತ್ತು. ಆದರೆ ಮುಚ್ಚಳ ಕೂರಿಸುವುದರಲ್ಲೇ ಸುಸ್ತಾಗಿತ್ತು. ಜೊತೆಗೆ ಶಭಾಶ್ ಬೇರೆ ಸಿಕ್ಕಿತ್ತು. ಸಿಕ್ಕಿದ್ದನ್ನು ವಾಪಸು ಕೊಡಲು ಮನಸ್ಸಾಗಲಿಲ್ಲ.

ಆಗ ಇವರು ತಮ್ಮ ಮನೆತನದ ವಂಶಾವಳಿಯನ್ನು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದರು. ಇವರ ಕಡೆಯವರು ಐದು ತಲೆಮಾರು ಸಾಲಾಗಿ ನಿಂತಿದ್ದರೆ, ನಾನೊಬ್ಬಳು ‘ಸೌ. ಸುಧಾ’ ಎಂದು ಆಕಾಶದಿಂದ ಬಿದ್ದವಳಂತೆ ಮೂಲೆಯಲ್ಲಿದ್ದೆ. ನಾನು ಎರಡು ತಿಂಗಳು ಮುನಿಸಿಕೊಂಡ ಮೇಲೆ ನನ್ನ ತವರನ್ನೂ ಸೇರಿಸಲು ಒಪ್ಪಿದರು. ಒಂದು ಮಧ್ಯಾಹ್ನ ಗುಳೇದಗುಡ್ಡದ ನನ್ನ ಸೋದರಮಾವನಿಗೆ ಫೋನು ಹಚ್ಚಿ, ಊಟದಿಂದ ಚಹಾದ ಹೊತ್ತಿನವರೆಗೂ ಹೆಸರು ಕೇಳಿ ಕೇಳಿ ಟೈಪು ಮಾಡಿದರು. ನನ್ನ ಮುತ್ತಜ್ಜಿಯ ಹೆಸರು ಪರದೆಯ ಮೇಲೆ ಮೂಡಿದಾಗ ಕಣ್ಣಲ್ಲಿ ನೀರು ಬಂತು. “ಹಾಲು ತರ್ತೀನಿ, ಬಂದ್ ಮಾಡು,” ಎಂದು ಹೇಳಿ ಇವರು ಕೆಳಗೆ ಹೋದರು.

ನಾನು ಸೆರಗಿನಿಂದ ಕಣ್ಣೊರೆಸುತ್ತ, ಹಳೆಯ ಅಭ್ಯಾಸದಂತೆ ದೊಡ್ಡ ಗುಂಡಿ ಒತ್ತಿದೆ. ಉಳಿಸಲೇ ಎಂದು ಅದು ಕೇಳಲಿಲ್ಲ. ಪರದೆ ಕಪ್ಪಾಗಿ ಮೊದಲಿನಿಂದ ಶುರುವಾಯಿತು. ವಂಶಾವಳಿ ತೆರೆದು ನೋಡಿದೆ. ನನ್ನ ತವರುಮನೆ ಮುತ್ತಜ್ಜಿಯ ಸಮೇತ ಹೋಯಿತು.

ಇವರು ಹಾಲು ತಂದು, ಪರದೆ ನೋಡಿ, “ನಿಮ್ಮವ್ರೆಲ್ಲ ಎಲ್ಲಿ ಹೋದ್ರು?” ಎಂದರು.

“ಕರೆಂಟ್ ಹೋಗಿತ್ರಿ.”

“ನಾ ಲಿಫ್ಟಿನ್ಯಾಗ ಬಂದೆ.”

ಇನ್ನು ದಾರಿ ಇರಲಿಲ್ಲ. ಸ್ವಿಚ್ಚಿಗೆ ತನ್ನ ಹೆಸರು ಗೊತ್ತಿರುವುದಿಲ್ಲ, ತಂತಿ ಎಲ್ಲಿದೆಯೋ ಅದೇ ಅದರ ಕೆಲಸ ಎಂದು ಪಾಠದ ಧಾಟಿಯಲ್ಲಿ ಒಪ್ಪಿಕೊಂಡೆ. ಇವರು ಪೂರ್ತಿ ಕೇಳಿಸಿಕೊಂಡರು.

“ಅಂದ್ರ ದೊಡ್ಡದು ಸಣ್ಣದು, ಸಣ್ಣದು ದೊಡ್ಡದು?”

“ಹೂಂ.”

“ನಿನ್ನ ಕೈಯಾಗ ಕಲ್ತ ಹುಡುಗ್ರು ಪಾಸ್ ಹೆಂಗ ಆದ್ರು?”

ಮರುದಿನ ಸೋದರಮಾವನಿಗೆ ಮತ್ತೆ ಫೋನು. ಈ ಸಲ ಅವರು ಮುತ್ತಜ್ಜಿಗೆ ಬೇರೆಯೇ ಹೆಸರು ಹೇಳಿದರು. ನಿನ್ನೆ ಯಾರಿಗಾಗಿ ಅತ್ತಿದ್ದೆ ಎಂದು ನನಗೆ ಗೊಂದಲವಾಯಿತು.

ಆಮೇಲೊಂದು ಬೆಳಿಗ್ಗೆ, ಇವರು ವಾಕಿಂಗಿಗೆ ಹೋದಾಗ, ಒಬ್ಬಳೇ ಡಬ್ಬಿ ಬಿಚ್ಚಿ ತಂತಿಗಳನ್ನು ಅದಲುಬದಲು ಮಾಡಿದೆ. ದೊಡ್ಡ ಗುಂಡಿ ಒತ್ತಿ ನಾನೇ ಚಾಲೂ ಮಾಡಿಟ್ಟೆ. ಇವರು ಬಂದು ಕುಳಿತು ಮಧ್ಯಾಹ್ನದವರೆಗೂ ತಮ್ಮ ಕಡೆಯ ಆರನೇ ತಲೆಮಾರನ್ನು ಹುಡುಕಿ ತುಂಬಿಸಿದರು. ಊಟಕ್ಕೆ ಕರೆದೆ. ಏಳುವಾಗ, ಅಷ್ಟು ದಿನ ಕಷ್ಟಪಟ್ಟು ರೂಢಿಮಾಡಿಕೊಂಡಂತೆ, ಸಣ್ಣ ಗುಂಡಿಯನ್ನು ಬಲವಾಗಿ ಒತ್ತಿದರು.

ಉಳಿಸಲೇ ಎಂದು ಅದು ಕೇಳಲಿಲ್ಲ; ಆರನೇ ತಲೆಮಾರು ಹೋಯಿತು. ರೊಟ್ಟಿ ಮುರಿಯುತ್ತ ಇವರು ಕೇಳಿದ್ದು ಒಂದೇ ಪ್ರಶ್ನೆ: “ತಂತಿ ಬದಲಿಸಿದ್ದನ್ನ ನನಗ ಯಾಕ ಹೇಳಲಿಲ್ಲ?” ಹೇಳಿದ್ದೆ ಎಂದೇ ನಾನು ಖಂಡಿತವಾಗಿ ಅಂದೆ. ನಿಜವಾಗಿ ಹೇಳಿದ್ದೆನೋ, ಹೇಳಬೇಕೆಂದುಕೊಂಡು ಬಿಟ್ಟಿದ್ದೆನೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ತುಂಬಾ ಯೋಚಿಸುವುದನ್ನೂ ಈಚೆಗೆ ಬಿಟ್ಟಿದ್ದೇನೆ.